ಗೋತ್ರ ಬೇರೆಯಾದರೆ ರಕ್ತವೂ ಬೇರೆಯೇ?

ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಹೆಣ್ಣು-ಗಂಡಿನ ಮಾತುಕತೆ ಶುರುವಾದರೆ ಮೊದಲು ಊರು ಕೇಳುತ್ತಾರೆ, ಆಮೇಲೆ ಗೋತ್ರವನ್ನೋ ಬಳಿಯನ್ನೋ ಬೆಡಗನ್ನೋ ಕೇಳುತ್ತಾರೆ. ಸಂಬಳ, ಸ್ವಂತ ಫ್ಲ್ಯಾಟಿನ ವಿಚಾರಣೆಯೂ ಆಗುತ್ತದೆ. ರಕ್ತಪರೀಕ್ಷೆಯ ಮಾತೆತ್ತಿದರೆ ಮಾತ್ರ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ‘ನಮ್ಮಲ್ಲಿ ಅಂಥದ್ದೇನೂ ಇಲ್ಲ’ ಎನ್ನುವ ಆ ಧೈರ್ಯಕ್ಕೆ ಆಧಾರವಾಗಿರುವ ನಂಬಿಕೆಗಳು ಒಂದೆರಡಲ್ಲ.

‘ಗೋತ್ರ ಬೇರೆ, ಅಡ್ಡಿಯಿಲ್ಲ’

ಗೋತ್ರ ಲೆಕ್ಕವಿಡುವುದು ಅಪ್ಪನಿಂದ ಮಗನಿಗೆ ಇಳಿಯುವ ಒಂದೇ ಎಳೆಯನ್ನು. ಅಕ್ಕನ ಮಗಳು ಅಕ್ಕನ ಗಂಡನ ಗೋತ್ರದವಳು. ಹಾಗಾಗಿ ಸೋದರಮಾವನಿಗೂ ಅವಳಿಗೂ ಗೋತ್ರ ಬೇರೆ, ಪುರೋಹಿತರ ತಕರಾರಿಲ್ಲ. ಆದರೆ ಇಬ್ಬರ ವಂಶವಾಹಿಗಳಲ್ಲಿ ಸರಾಸರಿ ಕಾಲುಭಾಗ ಒಂದೇ ಮೂಲದ್ದು. ಅವರಿಗೆ ಹುಟ್ಟುವ ಮಗುವಿನಲ್ಲಿ ಯಾವುದೇ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಹದಿನಾರರಲ್ಲಿ ಒಂದು. ಆ ಪ್ರತಿಯಲ್ಲಿ ದೋಷವಿದ್ದರೆ ಮಗುವಿಗೆ ಸರಿಯಾದ ಪ್ರತಿಯೇ ಇರುವುದಿಲ್ಲ. ಕರಾವಳಿಯವರ ‘ಬಳಿ’ ತಾಯಿಯ ಕಡೆಯಿಂದ ಬರುತ್ತದೆ. ಅದು ಅಕ್ಕನ ಮಗಳನ್ನು ತಡೆಯುತ್ತದೆ, ಮಾವನ ಮಗಳನ್ನು ಬಿಟ್ಟುಬಿಡುತ್ತದೆ. ಎರಡು ಪದ್ಧತಿಗಳೂ ಅರ್ಧ ವಂಶವೃಕ್ಷವನ್ನಷ್ಟೇ ನೋಡುತ್ತವೆ.

ಸಂಬಂಧದೊಳಗಿನ ಮದುವೆಯೇನು ಅಪರೂಪದ ಸಂಗತಿಯಲ್ಲ. 1980ರ ದಶಕದಲ್ಲಿ ಕರ್ನಾಟಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಸುಮಾರು ಮೂರರಲ್ಲೊಂದು ದಂಪತಿ ರಕ್ತಸಂಬಂಧಿಗಳಾಗಿದ್ದರು. ಹಾಗೆಂದು ಸಂಬಂಧದಲ್ಲೇ ಕೊಟ್ಟು ತಂದ ಮನೆಗಳಲ್ಲೆಲ್ಲ ಮಕ್ಕಳು ಕಾಯಿಲೆಯಿಂದಲೇ ಹುಟ್ಟುತ್ತಾರೆ ಎಂದು ಹೆದರಿಸುವವರ ಮಾತೂ ಅಷ್ಟೇ ತಪ್ಪು. ಯಾವ ನಂಟೂ ಇಲ್ಲದ ದಂಪತಿಗಳಲ್ಲೂ ನೂರಕ್ಕೆ ಎರಡು-ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಗಂಭೀರ ನ್ಯೂನತೆ ಇರುತ್ತದೆ. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು ಇಮ್ಮಡಿಯಾಗುತ್ತದೆ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ.

‘ಥಲಸ್ಸೇಮಿಯಾ ಸಿಂಧಿಗಳ ಕಾಯಿಲೆ’

ಕಲ್ಯಾಣದಿಂದ ಕರ್ಜತ್ ಕಡೆಯ ಲೋಕಲ್ ಹತ್ತಿದರೆ ವಿಠ್ಠಲವಾಡಿ ಆದಮೇಲೆ ಉಲ್ಹಾಸನಗರ. ದೇಶವಿಭಜನೆಯಾದಾಗ ಸಿಂಧ್‌ನಿಂದ ಬಂದವರು ಕಲ್ಯಾಣ್ ಕ್ಯಾಂಪ್ ಎಂಬ ಹಳೆಯ ಮಿಲಿಟರಿ ಶಿಬಿರದಲ್ಲಿ ನೆಲೆಸಿ ಕಟ್ಟಿದ ಊರು ಅದು. ಸಿಂಧಿಗಳಲ್ಲಿ ಈ ಆನುವಂಶಿಕ ರಕ್ತಕಾಯಿಲೆಯ ವಾಹಕರು, ಅಂದರೆ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಷ್ಟೇ ದೋಷವಿರುವವರು, ಹೆಚ್ಚೆನ್ನುವುದು ನಿಜ. ಲೋಹಾಣಾ, ಕಚ್ಛಿ ಭಾನುಶಾಲಿ ಸಮುದಾಯಗಳಲ್ಲೂ ಹೆಚ್ಚು. ಆದರೆ ಬೆಂಗಳೂರು, ಮುಂಬಯಿ ಸೇರಿ ಆರು ನಗರಗಳಲ್ಲಿ 56,780 ಮಂದಿಯನ್ನು ತಪಾಸಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟಾರೆ ಶೇ. 2.78 ಜನ ಬೀಟಾ ಥಲಸ್ಸೇಮಿಯಾ ವಾಹಕರಾಗಿದ್ದರು. ದೋಷವೂ ಎಲ್ಲ ಕಡೆ ಒಂದೇ ಅಲ್ಲ. ಸಿಂಧಿಗಳಲ್ಲಿ ಹೆಚ್ಚಾಗಿ ಕಾಣುವುದು ಜೀನಿನ 619 ಅಕ್ಷರಗಳು ಬಿಟ್ಟುಹೋದ ದೋಷ. ದೇಶದಲ್ಲಿ ಅತಿ ಹೆಚ್ಚು ಕಾಣುವುದು ಒಂದೇ ಒಂದು ಅಕ್ಷರ ಬದಲಾದದ್ದು.

ವಾಹಕರಿಗೆ ಕಾಯಿಲೆಯಿರುವುದಿಲ್ಲ, ಸ್ವಲ್ಪ ರಕ್ತಹೀನತೆ ಅಷ್ಟೇ. ಅದೇ ಕಣ್ತಪ್ಪಿಗೆ ಕಾರಣ. ಸಾಧಾರಣ ಸಿಬಿಸಿ ವರದಿಯೊಂದನ್ನು ಊಹಿಸಿಕೊಳ್ಳಿ: ಹಿಮೋಗ್ಲೋಬಿನ್ 10.8, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 64, ಕೆಂಪು ಕಣಗಳ ಸಂಖ್ಯೆ 5.8. ಮನೆಯವರ ಕಣ್ಣು 10.8ರ ಮೇಲೇ ನಿಲ್ಲುತ್ತದೆ, ಕಬ್ಬಿಣದ ಮಾತ್ರೆ ಶುರುವಾಗುತ್ತದೆ, ತಿಂಗಳುಗಟ್ಟಲೆ ನುಂಗಿದರೂ ಅಂಕಿ ಏರುವುದಿಲ್ಲ. ನೋಡಬೇಕಾದ್ದು ಮಿಕ್ಕೆರಡನ್ನು. ಕಬ್ಬಿಣ ಕಡಿಮೆಯಾದಾಗ ಕಣಗಳು ಸಣ್ಣವಾಗುತ್ತವೆ, ಸಂಖ್ಯೆಯೂ ಸಾಮಾನ್ಯವಾಗಿ ಇಳಿಯುತ್ತದೆ. ಇಲ್ಲಿ ಕಣ ಸಣ್ಣದು, ಸಂಖ್ಯೆ ಮಾತ್ರ ಜಾಸ್ತಿ. 64ನ್ನು 5.8ರಿಂದ ಭಾಗಿಸಿದರೆ 11 ಬರುತ್ತದೆ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೇಮಿಯಾ ವಾಹಕತ್ವದ ಗುಮಾನಿ ಪಡಬೇಕು. ಇದು ಸುಳಿವಷ್ಟೇ. ಖಾತ್ರಿಗೆ ಎಚ್‌ಪಿಎಲ್‌ಸಿ ಪರೀಕ್ಷೆ ಬೇಕು. ಅದರಲ್ಲಿ ಹಿಮೋಗ್ಲೋಬಿನ್ ಎ2 ಪ್ರಮಾಣ ಹೆಚ್ಚಿದ್ದರೆ, ಸಾಮಾನ್ಯವಾಗಿ ಶೇ. 4ನ್ನು ದಾಟಿದ್ದರೆ, ವಾಹಕರೆಂದೇ ತಿಳಿಯುತ್ತಾರೆ.

‘ಒಂದು ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ’

ನಾಲ್ಕರಲ್ಲಿ ಒಂದು ಎನ್ನುವುದು ಸರದಿಯಲ್ಲ. ತಂದೆ-ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಅದೇ ನಾಲ್ಕರಲ್ಲೊಂದು. ಸೊಸೆಯೊಬ್ಬಳನ್ನೇ ದೂರುವ ಅತ್ತೆಯಂದಿರು ಇನ್ನೂ ಇದ್ದಾರೆ. ಅರ್ಧ ದೋಷ ಅವರ ಮಗನದೇ.

‘ಸಂಬಂಧದಲ್ಲಿ ಕೊಟ್ಟಿಲ್ಲವಲ್ಲ, ಮತ್ತೇನು?’

ಒಂದೇ ಜಾತಿಯೊಳಗೆ ಶತಮಾನಗಟ್ಟಲೆ ಮದುವೆಗಳು ನಡೆದಾಗ ಪರಸ್ಪರ ಪರಿಚಯವೇ ಇಲ್ಲದವರೂ ಒಂದೇ ಪೂರ್ವಜರ ದೋಷವನ್ನು ಹೊತ್ತಿರಬಹುದು. ಆರ್ಯವೈಶ್ಯರದು ಇದಕ್ಕೆ ಹೆಸರುವಾಸಿಯಾದ ಉದಾಹರಣೆ. ಅವರಲ್ಲಿ ಕೆಲವರಿಗೆ ಒಂದು ಕಿಣ್ವದ ಕೊರತೆಯಿದೆ. ದಿನನಿತ್ಯ ಏನೂ ತೊಂದರೆಯಿಲ್ಲ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಉಸಿರಿನ ನಳಿಕೆ ಹಾಕಲು ಕೊಡುವ ಸಕ್ಸಿನೈಲ್‌ಕೋಲೀನ್ ಎಂಬ ಸ್ನಾಯು ಸಡಿಲಿಸುವ ಮದ್ದು ಬೇರೆಯವರಲ್ಲಿ ಕೆಲವೇ ನಿಮಿಷಗಳಲ್ಲಿ ಇಳಿದರೆ, ಇವರಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಅಷ್ಟು ಹೊತ್ತೂ ಯಂತ್ರವೇ ಉಸಿರಾಡಿಸಬೇಕು. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಿ. ಬೇರೆ ಮದ್ದುಗಳಿವೆ.

ಇಂಥ ಸಮುದಾಯಗಳ ನಕ್ಷೆ ಈಗಷ್ಟೇ ಸಿದ್ಧವಾಗುತ್ತಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಸಮನ್ವಯ ಮಾಡಿದ ಜೀನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಪೂರ್ಣ ಜೀನೋಮ್ ಓದಿದೆ. ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡಿತು.

‘ಈಗ ಜೀನನ್ನೇ ರಿಪೇರಿ ಮಾಡ್ತಾರಂತೆ’

ಮಾಡುತ್ತಾರೆ. ಕ್ಯಾಸ್‌ಜೆವಿ ಎಂಬ ಕ್ರಿಸ್ಪರ್ ಚಿಕಿತ್ಸೆಗೆ 2023ರ ನವೆಂಬರಿನಲ್ಲಿ ಬ್ರಿಟನ್, 2024ರ ಜನವರಿಯಲ್ಲಿ ಅಮೆರಿಕ ಥಲಸ್ಸೇಮಿಯಾದಲ್ಲಿ ಬಳಸಲು ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ರೋಗಿಯ ಅಸ್ಥಿಮಜ್ಜೆಯ ಕಾಂಡಕೋಶಗಳನ್ನು ತೆಗೆದು, ಹುಟ್ಟಿದ ಮೇಲೆ ನಿಂತುಹೋಗುವ ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ತಿದ್ದಿ ಹಿಂದಿರುಗಿಸುತ್ತಾರೆ. ಮೂಲ ದೋಷ ಅಲ್ಲೇ ಇರುತ್ತದೆ. ವೀರ್ಯ, ಅಂಡಾಣುಗಳನ್ನಂತೂ ಯಾರೂ ಮುಟ್ಟುವುದಿಲ್ಲ. ಆದ್ದರಿಂದ ಗುಣವಾದವರ ಮಕ್ಕಳಿಗೂ ಆ ದೋಷ ಇಳಿದೇ ಇಳಿಯುತ್ತದೆ. ಅವರ ಸಂಗಾತಿಗೆ ಪರೀಕ್ಷೆ ತಪ್ಪದು.

ಇದರೊಡನೆ ನವಿ ಮುಂಬಯಿಯ ಸುದ್ದಿಯೊಂದು ಕಲಬೆರಕೆಯಾಗುತ್ತಿರುತ್ತದೆ. ಐಐಟಿ ಬಾಂಬೆ ಮತ್ತು ಖಾರಘರ್‌ನಲ್ಲಿ ಆಕ್ಟ್ರೆಕ್ ಕೇಂದ್ರವನ್ನು ನಡೆಸುವ ಟಾಟಾ ಮೆಮೋರಿಯಲ್ ಜೊತೆಗೂಡಿ ರೂಪಿಸಿದ, 2024ರ ಏಪ್ರಿಲ್ 4ರಂದು ರಾಷ್ಟ್ರಪತಿಗಳು ಲೋಕಾರ್ಪಣೆ ಮಾಡಿದ ಸಿಎಆರ್-ಟಿ ಚಿಕಿತ್ಸೆ ಕೆಲವು ಬಗೆಯ ರಕ್ತದ ಕ್ಯಾನ್ಸರುಗಳಿಗೆ. ಥಲಸ್ಸೇಮಿಯಾಕ್ಕಲ್ಲ. ಕ್ಯಾನ್ಸರಿನಲ್ಲೂ ವಂಶಪಾರಂಪರ್ಯವಾಗಿ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ. ಸ್ತನ ಕ್ಯಾನ್ಸರಿನ ಬಿಆರ್‌ಸಿಎ ದೋಷ ಅಪ್ಪನ ಕಡೆಯಿಂದಲೂ ಬರುತ್ತದೆ. ಅಮ್ಮನ ಮನೆಯನ್ನಷ್ಟೇ ಕೇಳಿ, ಸೋದರತ್ತೆಯರನ್ನು ಮರೆತರೆ ಲೆಕ್ಕ ತಪ್ಪುತ್ತದೆ.

‘ಹೊಟ್ಟೆಯೊಳಗಿನ ಮಗುವಿನ ಪರೀಕ್ಷೆ ಕಾನೂನಿಗೆ ವಿರುದ್ಧ’

1994ರ ಕಾನೂನು ನಿಷೇಧಿಸಿರುವುದು ಲಿಂಗ ತಿಳಿಯುವುದನ್ನು. ನೋಂದಾಯಿತ ಕೇಂದ್ರದಲ್ಲಿ, ಒಪ್ಪಿಗೆ ಪಡೆದು, ಆನುವಂಶಿಕ ಕಾಯಿಲೆಯ ಪರೀಕ್ಷೆ ಮಾಡಿಸಲು ಅದೇ ಕಾನೂನು ಅವಕಾಶ ಕೊಟ್ಟಿದೆ. ತೊಡಕಿರುವುದು ಸಮಯದ್ದು. ಮಾಸಿನ ಚೂರು ತೆಗೆದು ನೋಡುವ ಪರೀಕ್ಷೆ ಸಾಮಾನ್ಯವಾಗಿ ಹನ್ನೊಂದರಿಂದ ಹದಿಮೂರನೇ ವಾರದೊಳಗೆ. ಅದಕ್ಕೆ ಮೊದಲು ಗಂಡ-ಹೆಂಡತಿ ಇಬ್ಬರ ವರದಿಯೂ, ಇಬ್ಬರ ದೋಷ ಯಾವುದೆಂಬ ವಿವರವೂ ಕೈಯಲ್ಲಿರಬೇಕು. ಏಳನೇ ತಿಂಗಳಿಗೆ ಸೀಮಂತ ಮುಗಿಸಿ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಡುವ ಹೊತ್ತಿಗೆ ಫೈಲು ತೆರೆದರೆ ಆಗದು. ಬಸಿರು ನಿಂತ ಮೊದಲ ಭೇಟಿಯಲ್ಲೇ ಎಚ್‌ಪಿಎಲ್‌ಸಿ ಬರೆದುಕೊಡಲು ಕೇಳಿ. ಹೆಂಡತಿ ವಾಹಕಳೆಂದು ಬಂದರೆ ಅದೇ ವಾರ ಗಂಡನ ರಕ್ತವೂ ಹೋಗಲಿ.