ತವರಿಲ್ಲದ ಮೋಟಾರಿಗೆ ಹೊರನಾಡಿನ ನೆಂಟರು

ಬಿಗಿಯಾಗಿ ಕುಳಿತ ಒಂದು ತಿರುಪುಮೊಳೆಯು ಮನುಷ್ಯನನ್ನು ಸಾಗರದಾಚೆಯ ಸಂಘವೊಂದರ ಸದಸ್ಯನನ್ನಾಗಿ ಮಾಡಬಲ್ಲುದೆಂದರೆ ನಂಬುವವರು ವಿರಳ. ಆದರೆ ಎಂ.ಜಿ. ಎಂಬ ಇಂಗ್ಲಿಷ್ ಮೋಟಾರಿನ ಚರಿತ್ರೆಯಲ್ಲಿ ಇದು ಅತಿಶಯೋಕ್ತಿಯಲ್ಲ. 1945ರಿಂದ 1949ರವರೆಗೆ ತಯಾರಾದ ಅದರ ಟಿ.ಸಿ. ಎಂಬ ಮಾದರಿಯ ಸುಮಾರು 10,000 ಕಾರುಗಳಲ್ಲಿ ಸುಮಾರು 2,000 ಅಮೆರಿಕವನ್ನು ಸೇರಿದವು. ರಸ್ತೆಯ ಬಲಬದಿಯಲ್ಲಿ ಸಂಚರಿಸುವ ಆ ದೇಶದಲ್ಲಿ ಬಲಗಡೆಯೇ ಸ್ಟಿಯರಿಂಗ್ ಚಕ್ರವುಳ್ಳ ಈ ಪುಟ್ಟ ಗಾಡಿಯನ್ನು ಜನರು ಹಂಬಲಿಸಿ ಕೊಂಡರು. ಮೊದಲ ಸಲ ಎಂಜಿನ್ನು ಬಿಚ್ಚಲು ಹೊರಟಾಗ ಅವರಿಗೆ ಬೆರಗು ಕಾದಿತ್ತು: ಮನೆಯಲ್ಲಿದ್ದ ಒಂದು ಸ್ಪ್ಯಾನರೂ ಹಿಡಿಯಲೊಲ್ಲದು!

ಕಾರಣ ವಿಚಿತ್ರವಾದುದು. ಈ ಎಂಜಿನ್ನು ತಯಾರಾಗುತ್ತಿದ್ದ ಮೋರಿಸ್ ಸಂಸ್ಥೆಯ ವಿಭಾಗವು ಹಿಂದೆ ಕಾವೆಂಟ್ರಿಯಲ್ಲಿದ್ದ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಕಾರ್ಖಾನೆಯಾಗಿತ್ತು. 1923ರಲ್ಲಿ ಮೋರಿಸ್ ಅದನ್ನು ಕೊಂಡಾಗ ಫ್ರೆಂಚ್ ಯಂತ್ರಗಳೂ ಜೊತೆಗೆ ಬಂದವು. ಆದುದರಿಂದ ತಿರುಪಿನ ಸುತ್ತುಗಳು ಮಿಲಿಮೀಟರಿನ ಲೆಕ್ಕದಲ್ಲಿಯೇ ಉಳಿದವು; ಇಂಗ್ಲಿಷ್ ಮೆಕ್ಯಾನಿಕ್ಕಿನ ಅನುಕೂಲಕ್ಕಾಗಿ ತಲೆಗೆ ಮಾತ್ರ ವಿಟ್‌ವರ್ತ್ ಎಂಬ ಇಂಗ್ಲಿಷ್ ಅಳತೆ. ದೇಹ ಫ್ರಾನ್ಸಿನದು, ರುಮಾಲು ಇಂಗ್ಲೆಂಡಿನದು! ಅಮೆರಿಕದ ಅಂಗಡಿಯಲ್ಲಿ ಸಿಗುವ ತಿರುಪಾಗಲಿ ಸ್ಪ್ಯಾನರಾಗಲಿ ಇದಕ್ಕೆ ಹೊಂದುವಂತಿಲ್ಲ. ಈ ಗುಟ್ಟನ್ನು ಬಲ್ಲವರು ಯಾರು? ಅದೇ ಗಾಡಿಯನ್ನು ಸಾಕಿ, ಅದರಿಂದ ಪೆಟ್ಟು ತಿಂದು ಪಾಠ ಕಲಿತ ಇನ್ನೊಬ್ಬ ಒಡೆಯ. ಒಡೆಯರ ಸಂಘದ ಬಾಗಿಲಿಗೆ ಪರದೇಶದವನನ್ನು ತಂದು ನಿಲ್ಲಿಸುತ್ತಿದ್ದುದು ಇಂಥ ಅಗತ್ಯವೇ.

ಎಂ.ಜಿ. ಎಂದರೆ ಮೋರಿಸ್ ಗ್ಯಾರೇಜಸ್; ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮೋರಿಸ್ ನಡೆಸುತ್ತಿದ್ದ ಮಾರಾಟ ಮತ್ತು ದುರಸ್ತಿಯ ಮಳಿಗೆ. ನಮ್ಮವರಿಗೆ ಚಿರಪರಿಚಿತವಾದ ಅಂಬಾಸಿಡರ್ ಕಾರು ಮೋರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿದ್ದರಿಂದ, ಎಂ.ಜಿ.ಯು ಅದಕ್ಕೆ ದಾಯಾದಿಯೇ ಸರಿ. ಮಳಿಗೆಯ ವ್ಯವಸ್ಥಾಪಕ ಸೆಸಿಲ್ ಕಿಂಬರ್ ಎಂಬಾತ ಸಾಧಾರಣ ಮೋರಿಸ್ ಕಾರುಗಳಿಗೆ ಹಗುರವಾದ, ಚೆಲುವಾದ ಮೈಕಟ್ಟನ್ನು ತೊಡಿಸಿ ಮಾರತೊಡಗಿದ. 1929ರಲ್ಲಿ ಕಾರ್ಖಾನೆಯು ಸಮೀಪದ ಆಬಿಂಗ್ಡನ್ ಎಂಬ ಊರಿನಲ್ಲಿ ನೆಲೆಗೊಂಡಿತು. ಮರುವರ್ಷವೇ, 1930ರಲ್ಲಿ, ಎಂ.ಜಿ. ಕಾರ್ ಕ್ಲಬ್ ಸ್ಥಾಪನೆಯಾಯಿತು. ಕಾರ್ಖಾನೆಗೂ ಒಡೆಯರಿಗೂ ಎಂಥ ಸಲಿಗೆಯಿತ್ತೆಂಬುದಕ್ಕೆ ಒಂದು ಸಣ್ಣ ನಿದರ್ಶನವುಂಟು. ಟಿ.ಸಿ. ಮಾದರಿಯ ಕ್ರಮಸಂಖ್ಯೆ ಒಂದರಿಂದ ಆರಂಭವಾಗದೆ 251ರಿಂದ ಆರಂಭವಾಗುತ್ತದೆ. ಅದು ಕಾರ್ಖಾನೆಯ ಟೆಲಿಫೋನ್ ಸಂಖ್ಯೆ!

ಟಿ.ಸಿ.ಯ ತರುವಾಯ ಬಂದ ಟಿ.ಡಿ. ಮಾದರಿಯನ್ನು ಎಡಗಡೆಯ ಸ್ಟಿಯರಿಂಗಿನೊಡನೆಯೂ ತಯಾರಿಸಲಾಯಿತು. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೇ ಹೋದವು. 1963ರಲ್ಲಿ ಅಲ್ಲಿನ ನ್ಯೂ ಇಂಗ್ಲೆಂಡ್ ಪ್ರಾಂತದ ಅಭಿಮಾನಿಗಳು ಟಿ ವರ್ಗದ ಕಾರುಗಳಿಗಾಗಿಯೇ ಒಂದು ಸಂಘವನ್ನು ಕಟ್ಟಿಕೊಂಡರು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕ, ಜರ್ಮನಿ, ಜಪಾನುಗಳಲ್ಲಿಯೂ ಎಂಟು ಮೂಲೆಯ ಆ ಲಾಂಛನದ ಕೆಳಗೆ ಜನ ಕಲೆತರು. ಬಂದವರು ಕಲಿಯುತ್ತಿದ್ದುದು ಸ್ಪ್ಯಾನರಿನ ಅಳತೆಯನ್ನಷ್ಟೇ ಅಲ್ಲ. ಟಿ.ಸಿ.ಯ ತಗಡಿನ ಮೈಯೊಳಗೆ ಆಶ್ ಮರದ ಚೌಕಟ್ಟಿದೆ. ಅದು ಲಡ್ಡಾದರೆ ಬಡಗಿಯ ಕೈ ಬೇಕು. ಅದರ ಎರಡು ಕಾರ್ಬ್ಯುರೇಟರುಗಳಿಗೆ ರಬ್ಬರು ಕೊಳವೆ ಹಿಡಿದು, ಗಾಳಿ ಸೇದುವ ಸದ್ದು ಎರಡರಲ್ಲೂ ಸಮನಾಗುವವರೆಗೆ ಕಿವಿಗೊಟ್ಟು ಕೇಳಿ ಹದಗೊಳಿಸಬೇಕು. ತಂಬೂರಿಯ ಶ್ರುತಿ ಕೂಡಿಸಿದ ಹಾಗೆ. ಇಂಥ ವಿದ್ಯೆಯನ್ನು ಪುಸ್ತಕದಿಂದ ಕಲಿಯುವುದು ಕಡಮೆ. ಬಲ್ಲವನ ಪಕ್ಕದಲ್ಲಿ ನಿಂತು ಕಲಿಯುವುದೇ ಹೆಚ್ಚು.

ವಿಧಿಯ ವ್ಯಂಗ್ಯವೆಂದರೆ, ಯಾವ ಹೊರನಾಡಿನ ಪ್ರೀತಿಯು ಕಾರ್ಖಾನೆಯನ್ನು ಬೆಳೆಸಿತೋ, ಅದೇ ಹೊರನಾಡಿನ ಮಾರುಕಟ್ಟೆಯು ಅದಕ್ಕೆ ಮುಳುವಾಯಿತು. 1962ರಿಂದ 1980ರವರೆಗೆ 5 ಲಕ್ಷಕ್ಕೂ ಮಿಕ್ಕಿ ಎಂ.ಜಿ.ಬಿ. ಕಾರುಗಳು ತಯಾರಾದವು, ಅರ್ಧಕ್ಕಿಂತ ಹೆಚ್ಚು ಉತ್ತರ ಅಮೆರಿಕಕ್ಕೆ. 1970ರ ದಶಕದ ಕೊನೆಯಲ್ಲಿ ಡಾಲರಿನೆದುರು ಪೌಂಡಿನ ಬೆಲೆ ಏರಿತು. ಅಮೆರಿಕದಲ್ಲಿ ಮಾರುವ ಕಾರುಗಳಿಂದ ನಷ್ಟವೆಂದು ಒಡೆತನದ ಸಂಸ್ಥೆ ಲೆಕ್ಕ ಹಾಕಿತು. 1979ರ ಸೆಪ್ಟೆಂಬರಿನಲ್ಲಿ ಆಬಿಂಗ್ಡನ್ನಿನ ಜನರು ಕಾರ್ಖಾನೆಯ ಐವತ್ತು ವರುಷದ ಉತ್ಸವವನ್ನು ಆಚರಿಸಿದರು. ಅದರ ಸಂಭ್ರಮ ಆರುವ ಮೊದಲೇ ಅಲ್ಲಿ ಎಂ.ಜಿ. ತಯಾರಿಕೆ ನಿಲ್ಲುವುದೆಂಬ ಘೋಷಣೆ ಹೊರಟಿತು. ಕಾರುಗಳ ಒಡೆಯರು ಲಂಡನ್ನಿನಲ್ಲಿ ಮೆರವಣಿಗೆ ನಡೆಸಿ ಪ್ರತಿಭಟಿಸಿದರು. ಫಲವಾಗಲಿಲ್ಲ. 1980ರ ಅಕ್ಟೋಬರಿನಲ್ಲಿ ಬಾಗಿಲು ಮುಚ್ಚಿತು.

ತವರು ಮುಚ್ಚಿದ ಮೇಲೆ ಹೆಣ್ಣಿಗೆ ನೆಂಟರಿಷ್ಟರೇ ಆಸರೆಯೆನ್ನುವಂತೆ, ಆ ಬಳಿಕ ಈ ಗಾಡಿಗಳಿಗೆ ಸಂಘಗಳೇ ಆಸರೆಯಾದವು. ಬಿಡಿಭಾಗಕ್ಕೆ ಗಿರಾಕಿಗಳು ಜಗತ್ತಿನ ತುಂಬ ಇದ್ದುದರಿಂದ ಅವುಗಳ ತಯಾರಿಕೆ ನಿಲ್ಲಲಿಲ್ಲ. 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆಯು ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು ಎಂ.ಜಿ.ಬಿ.ಯ ಇಡೀ ಮೈಯನ್ನು ಹೊಸದಾಗಿ ತಯಾರಿಸಿತು. ತುಕ್ಕು ತಿಂದ ಗಾಡಿಗೆ ಹೊಸ ದೇಹ ದೊರಕಿದಂತಾಯಿತು. ಆ ಮೈಯ ಆಧಾರದಿಂದಲೇ 1990ರ ದಶಕದಲ್ಲಿ ಆರ್.ವಿ. 8 ಎಂಬ ಕಾರು ಹೊರಬಂತು. ತಯಾರಾದವು ಸುಮಾರು 2,000. ಅವುಗಳಲ್ಲಿ ಸುಮಾರು 1,600 ಹೋದದ್ದು ಜಪಾನಿಗೆ! ಕಾರು ತಯಾರಿಸುವುದರಲ್ಲಿ ಜಗತ್ತನ್ನೇ ಗೆದ್ದ ನಾಡಿನವರು ಇಂಗ್ಲೆಂಡಿನ ಹಳೆಯ ರೂಪವನ್ನು ಹೀಗೆ ಮೆಚ್ಚಿ ಕೊಂಡರು.

ಎಂ.ಜಿ. ಎಂಬ ಎರಡಕ್ಷರ ಇಂದು ಬೆಂಗಳೂರಿನ ಬೀದಿಗಳಲ್ಲಿಯೂ ಕಾಣುತ್ತದೆ. ಆ ಹೆಸರು ಈಗ ಚೀನಾದ ಸಂಸ್ಥೆಯೊಂದರ ಸ್ವತ್ತು; ನಮ್ಮಲ್ಲಿ ಓಡುವ ಹೊಸ ಕಾರುಗಳು 2019ರಿಂದೀಚೆಗೆ ಗುಜರಾತಿನ ಹಾಲೋಲಿನಲ್ಲಿ ತಯಾರಾದವು. ಹೆಸರನ್ನು ಹಣ ಕೊಟ್ಟು ಕೊಳ್ಳಬಹುದು. ನೆನಪನ್ನು ಕೊಳ್ಳುವುದು ಅಷ್ಟು ಸುಲಭವಲ್ಲ. ಆಬಿಂಗ್ಡನ್ನಿನಲ್ಲಿ ಹಳೆಯ ಕಾರ್ಖಾನೆಯ ನೆಲದ ಪಕ್ಕದಲ್ಲಿಯೇ ಕ್ಲಬ್ಬಿನ ಕಚೇರಿಯಿದೆ. ಅದಕ್ಕಿಟ್ಟ ಹೆಸರು ಕಿಂಬರ್ ಹೌಸ್.

ಈ ಅಭಿಮಾನಿಗಳ ಮುಂದೆ ಈಗಿರುವ ಚಿಂತೆ ಬಿಡಿಭಾಗದ್ದಲ್ಲ. ಟಿ.ಸಿ.ಯ ಶ್ರುತಿಯನ್ನು ಕಿವಿಯಿಂದ ಬಲ್ಲವರಿಗೆ ವಯಸ್ಸಾಗುತ್ತಿದೆ. ಕಿರಿಯರು ಬಾರದಿದ್ದರೆ ವಿದ್ಯೆ ಅವರೊಡನೆಯೇ ಮುಗಿಯುವುದು. ಆದ್ದರಿಂದ ದೂರದ ನಾಡಿನಲ್ಲಿ ಹೊಸಬನೊಬ್ಬನು ಎಣ್ಣೆ ಮೆತ್ತಿದ ಕೈಯಿಂದ ತಲೆ ಕೆರೆದುಕೊಳ್ಳುತ್ತ, "ಈ ತಿರುಪಿಗೆ ಯಾವ ಸ್ಪ್ಯಾನರು?" ಎಂದು ಕೇಳಿದಾಗ ಹಳಬರು ಬೇಸರಿಸುವುದಿಲ್ಲ. ಪೆಟ್ಟಿಗೆ ತೆರೆದು, ಸರಿಯಾದುದನ್ನು ಆರಿಸಿ, ಅವನ ಕೈಗಿಡುತ್ತಾರೆ.