ಸ್ಯಾಲರಿಯಲ್ಲಿ ಉಪ್ಪೆಷ್ಟು?

ಸ್ಯಾಲರಿ ಎಂಬ ಪದದ ಹುಟ್ಟು ಕೇಳಿದರೆ ಸಿದ್ಧ ಉತ್ತರವೊಂದಿದೆ: ರೋಮಿನ ಸೈನಿಕರಿಗೆ ಉಪ್ಪನ್ನೇ ಸಂಬಳವಾಗಿ ಅಳೆದು ಕೊಡುತ್ತಿದ್ದರಂತೆ. ಇದರಲ್ಲಿ ಅರ್ಧ ನಿಜ. ಪದ ಬಂದದ್ದು ಲ್ಯಾಟಿನ್ನಿನ ಸಲಾರಿಯಂನಿಂದ, ಅದರೊಳಗೆ ಉಪ್ಪು ಎಂಬರ್ಥದ ಸಾಲ್ ಇದೆ. ಆದರೆ ಪದದಲ್ಲಿ ಉಪ್ಪಿದ್ದ ಮಾತ್ರಕ್ಕೆ ಸೈನಿಕನ ಚೀಲದಲ್ಲೂ ಉಪ್ಪಿತ್ತು ಎನ್ನಲಾಗದು. ಅವನ ಸಂಬಳದ ಲೆಕ್ಕ ಉಳಿದು ಬಂದಿದೆ: ಚಕ್ರವರ್ತಿ ಅಗಸ್ಟಸ್ ಕಾಲದ ಕಾಲಾಳಿಗೆ ವರ್ಷಕ್ಕೆ 225 ದಿನಾರಿಯಸ್ ನಾಣ್ಯ. ಕ್ರಿ.ಶ. 14ರಲ್ಲಿ ದಂಗೆಯೆದ್ದ ಪಡೆಗಳು, ನಮ್ಮ ದೇಹಕ್ಕೂ ಜೀವಕ್ಕೂ ದಿನಕ್ಕೆ ಹತ್ತು ಆಸ್ ಕಾಸಿನ ಬೆಲೆಯೇ, ಬಟ್ಟೆ, ಆಯುಧ, ಡೇರೆಯ ಖರ್ಚೂ ಅದರಲ್ಲೇ ಹೋಗಬೇಕೇ ಎಂದು ಗೋಳಾಡಿದ್ದನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿಟ್ಟಿದ್ದಾನೆ. ಆ ಗೋಳಿನಲ್ಲಿ ಉಪ್ಪಿನ ಸುದ್ದಿಯೇ ಇಲ್ಲ. ಉಪ್ಪು ಆಗ ಚಿನ್ನದಷ್ಟು ದುಬಾರಿ ಎಂಬ ಮಾತೂ ನಿಲ್ಲದು. ಕ್ರಿ.ಪೂ. 204ರ ಸುಮಾರಿಗೆ ರೋಮಿನಲ್ಲಿ ಅದರ ದರ ಒಂದು ಆಸ್‌ನ ಆರನೇ ಒಂದು ಪಾಲು ಎನ್ನುತ್ತಾನೆ ಇನ್ನೊಬ್ಬ ಇತಿಹಾಸಕಾರ ಲಿವಿ. ಅದಕ್ಕೆ ಹೊಸ ತೆರಿಗೆ ಹಾಕಿದ ಅಧಿಕಾರಿಗೆ ಜನ ‘ಉಪ್ಪಿನವ’ ಎಂಬರ್ಥದ ಅಡ್ಡಹೆಸರು ಅಂಟಿಸಿದರು. ತೆರಿಗೆಯ ಸಿಟ್ಟು ಎಲ್ಲ ಕಾಲದ್ದೂ ಒಂದೇ.

ಹಾಗಾದರೆ ಈ ಕತೆಗೆ ಆಧಾರವೆಂದು ತೋರಿಸುವ ರೋಮನ್ ಲೇಖಕ ಪ್ಲಿನಿಯ ಮಾತು ಸುಳ್ಳೇ ಎಂದು ಕೇಳಬಹುದು. ಕ್ರಿ.ಶ. 79ರಲ್ಲಿ ತೀರಿಕೊಂಡ ಆ ವಿದ್ವಾಂಸ ಉಪ್ಪಿಗೆ ಗೌರವಗಳೊಂದಿಗೂ ಸೇನೆಯೊಂದಿಗೂ ನಂಟಿದೆ, ಸಲಾರಿಯಂ ಎಂಬ ಹೆಸರು ಅಲ್ಲಿಂದಲೇ ಬಂತು ಎಂದದ್ದು ಹೌದು. ಆದರೆ ಸಂಬಳವಾಗಿ ಉಪ್ಪು ಕೊಟ್ಟರೆಂದು ಅವನು ಹೇಳುವುದಿಲ್ಲ. ಉಪ್ಪು ಕೊಳ್ಳಲು ಕೊಟ್ಟ ಹಣವೇ ಸಲಾರಿಯಂ ಎಂಬ ಸೌಮ್ಯವಾದ ವಾದ 1879ರ ಹೆಸರಾಂತ ಲ್ಯಾಟಿನ್ ನಿಘಂಟಿನಲ್ಲಿದೆ. ಊಹೆ ಒಪ್ಪುವಂಥದ್ದೇ; ಆದರೆ ಪುರಾತನ ಸಾಕ್ಷಿಯಿಲ್ಲದ ಊಹೆಯನ್ನು ಚರಿತ್ರೆ ಎನ್ನುವುದು ಹೇಗೆ?

ಉಪ್ಪಿನ ಋಣ ಎನ್ನುವ ನಮಗೆ ಈ ಕತೆ ಸಲೀಸಾಗಿ ರುಚಿಸುತ್ತದೆ. ಆದರೆ ಋಣದ ಮಾತಾಡುವವರು ಯಾರೂ ಉಪ್ಪಿನ ಮೂಟೆ ಹೊತ್ತು ಮನೆಗೆ ಹೋದವರಲ್ಲ, ಅದು ಉಂಡ ಅನ್ನಕ್ಕೆ ಇಟ್ಟ ಹೆಸರು. ತಮಿಳಿನಲ್ಲೂ ಸಂಬಳಂ ಪದವನ್ನು ಸಾಂಬಾ ಅಕ್ಕಿ ಮತ್ತು ಉಪ್ಪು ಎಂದು ಒಡೆದು ತೋರಿಸುವ ವಿವರಣೆ ಜನಪ್ರಿಯ. ಸಂಸ್ಕೃತದ ಶಂಬಲವೋ ದಾರಿಯ ಬುತ್ತಿ. ನಮ್ಮ ಸಂಬಳಕ್ಕೆ ಹೆಚ್ಚು ಒಪ್ಪುವ ಮೂಲ ಅದೇ. ಇನ್ನು ರೋಮಿನ ಸೈನಿಕನ ಸಂಬಳಕ್ಕಿದ್ದ ನಿಜವಾದ ಹೆಸರು ಸ್ಟಿಪೆಂಡಿಯಂ. ಇಂದು ಆಸ್ಪತ್ರೆಗಳಲ್ಲಿ ಹೌಸ್ ಸರ್ಜನ್ನರ ಕೈಗೆ ಬರುವ ಸ್ಟೈಪೆಂಡ್ ಅದರದೇ ಕುಡಿ.