ಬೆಳಕಿಂಡಿಯ ಲೆಕ್ಕ

ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹಳೆಯ ಮಾಳಿಗೆ ಮನೆಗಳಿಗೆ ಕಿಟಕಿ ಕಡಿಮೆ. ಮಗ್ಗುಲ ಮನೆಯ ಗೋಡೆಗೇ ನಮ್ಮ ಗೋಡೆ ಹತ್ತಿಕೊಂಡಿರುವಾಗ ಕಿಟಕಿ ಇಡುವುದಾದರೂ ಎಲ್ಲಿ? ಅದಕ್ಕೇ ಜಂತಿಗಳ ನಡುವೆ, ಮೇಲಿನ ಮಣ್ಣಿನ ಹೊದಿಕೆಯಲ್ಲಿ ಒಂದು ಕಿಂಡಿ. ಹೆಸರೇ ಬೆಳಕಿಂಡಿ. ಮಳೆ ಬಂತೆಂದರೆ ಯಾರಾದರೂ ಮಾಳಿಗೆ ಹತ್ತಿ ಹಾಸುಗಲ್ಲನ್ನೋ ತಗಡನ್ನೋ ಮುಚ್ಚಬೇಕು. ಆ ‘ಯಾರಾದರೂ’ ಮನೆಯ ಹುಡುಗರೇ.

ಅಡಿಗೆಮನೆಯಲ್ಲಿ ಒಲೆಯ ಹೊಗೆ ಎದ್ದಾಗ ಆ ಕಿಂಡಿಯಿಂದ ಬಿಸಿಲಿನ ಕೋಲೊಂದು ಇಳಿದಿರುವುದು ಕಾಣುತ್ತದೆ. ನೆಲ ಮುಟ್ಟಿದಲ್ಲಿ ಗೇಣಗಲದ ಬಿಸಿಲು. ಕಿಂಡಿ ಹತ್ತಡಿ ಎತ್ತರದಲ್ಲಿದ್ದರೆ ನಡುಮಧ್ಯಾಹ್ನ ಅದು ನಿಮಿಷಕ್ಕೆ ಸುಮಾರು ಅರ್ಧ ಇಂಚು ಮೂಡಣಕ್ಕೆ ಸರಿಯುತ್ತದೆ. ಅಂಚಿಗೆ ಇದ್ದಿಲಿನಿಂದ ಗೀರಿ ಕೂತು ನೋಡಿ, ಭೂಮಿ ತಿರುಗುವುದು ಕಣ್ಣಿಗೇ ಕಾಣುತ್ತದೆ. “ಬಿಸಲು ಒಳ್ಳಿನ ಹತ್ರ ಬಂತು, ಬುತ್ತಿ ಕಟ್ಟಬೇ” ಎನ್ನುವವರಿಗೆ ಬೇರೆ ಗಡಿಯಾರ ಬೇಕಿರಲಿಲ್ಲ. ಈ ಮೂರೂ ಊರು ಇರುವುದು ಹೆಚ್ಚುಕಡಿಮೆ 15.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರ, ಮೋಡವಿಲ್ಲದಿದ್ದರೆ, ಹನ್ನೆರಡೂವರೆಯ ಸುಮಾರಿಗೆ ಬಿಸಿಲು ಕಿಂಡಿಯ ನೇರ ಕೆಳಗೇ ಬೀಳುತ್ತದೆ. ಡಿಸೆಂಬರ್ ಕೊನೆಗೆ ಅದೇ ಬಿಸಿಲು ಎಂಟಡಿ ಬಡಗಣಕ್ಕೆ ಹೋಗಿ ಗೋಡೆ ಹತ್ತಿರುತ್ತದೆ.

ಬೆಳಕೇನು ಕಡಿಮೆಯಲ್ಲ. ನೆತ್ತಿಯ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಗೇಣುದ್ದ, ಗೇಣಗಲದ ಕಿಂಡಿಯಿಂದ 5,000 ಲ್ಯೂಮೆನ್ ಒಳಗಿಳಿಯುತ್ತದೆ. 9 ವಾಟಿನ ಎಲ್‌ಇಡಿ ಬಲ್ಬು ಕೊಡುವುದು 900ರ ಆಸುಪಾಸು. ಅಂದರೆ ಐದಾರು ಬಲ್ಬು. ಆದರೂ ರೊಟ್ಟಿ ಬಡಿಯುವ ಮೂಲೆ ಕತ್ತಲೆಯೇ! ಬೆಳಕೆಲ್ಲ ಒಂದೇ ಕಡೆ ಬಿದ್ದು, ಸಗಣಿ ಸಾರಿಸಿದ ನೆಲ ಅದನ್ನು ನುಂಗಿಬಿಡುತ್ತದೆ.

ಬೆಳಕನ್ನು ಇಳಿಸುವುದು ಸುಲಭ, ಪಕ್ಕಕ್ಕೆ ತಿರುಗಿಸುವುದು ಕಷ್ಟ. ಹಡಗಿನವರು ಇದಕ್ಕೆ ಅಟ್ಟದ ಹಲಗೆಯಲ್ಲಿ ಗಾಜಿನ ಗಟ್ಟಿ ಕೂಡಿಸುತ್ತಿದ್ದರು; ಮೇಲ್ಗಡೆ ಸಪಾಟು, ಕೆಳಗಡೆ ಚೂಪು. ನ್ಯೂಯಾರ್ಕಿನಲ್ಲಿ ಥಾಡಿಯಸ್ ಹಯಾಟ್ 1845ರಲ್ಲಿ ಕಬ್ಬಿಣದ ಹಲಗೆಗೆ ದುಂಡು ಗಾಜು ಕೂಡಿಸಿ ಕಾಲುದಾರಿಗೆ ಹಾಸುವ ಪೇಟೆಂಟ್ ಪಡೆದ. ಮೇಲೆ ಜನ ನಡೆಯುತ್ತಿದ್ದರೆ ಕೆಳಗಿನ ನೆಲಮಾಳಿಗೆಯಲ್ಲಿ ಹಗಲು. ಲಂಡನ್ನಿನ ಹೇವರ್ಡ್ ಸೋದರರು 1871ರಲ್ಲಿ ಗಾಜಿನ ಅಡಿಯನ್ನು ಓರೆ ಮಾಡಿದರು. ಗುಟ್ಟು ಇರುವುದು ಆ ಓರೆಯಲ್ಲೇ. ಗಾಜಿನೊಳಗಿಂದ ಬಂದ ಕಿರಣ ಮೈಯ ಲಂಬಕ್ಕೆ ಸುಮಾರು 42 ಡಿಗ್ರಿಗಿಂತ ಹೆಚ್ಚು ವಾಲಿ ಬಡಿದರೆ ಹೊರಗೆ ಹೋಗಲಾರದು. ಕನ್ನಡಿಗೆ ತಾಗಿದಂತೆ ಪುಟಿದು ಪಕ್ಕಕ್ಕೆ ಹಾರುತ್ತದೆ. ಕೋಣೆಯ ಮೂಲೆಗೂ ಬೆಳಕು.

ನಮ್ಮಲ್ಲೂ ನೆಲದಡಿ ಜಾಗ ಇತ್ತು, ಹಗೇವು. ಅದಕ್ಕೆ ಮಾತ್ರ ಬೆಳಕಿನ ಹಂಗಿಲ್ಲ. ಗಾಳಿ, ತೇವ ಆಡದಿದ್ದರೇ ಜೋಳ ಉಳಿಯುತ್ತದೆ. ಬೆಳಕಿಂಡಿಯ ಪಾಡು ಬೇರೆ. ಅದು ಬೆಳಕು ತರುವಷ್ಟೇ ನಿಷ್ಠೆಯಿಂದ ಹೊಗೆಯನ್ನೂ ಹೊರಗೆ ಹಾಕುತ್ತಿತ್ತು. ಒಲೆ ಇರುವತನಕ ಗಾಜು ಕೂಡಿಸುವುದು ಆಗದ ಮಾತು. ಈಗ ಗ್ಯಾಸ್ ಬಂದಿದೆ, ಆ ಅಡ್ಡಿ ಇಲ್ಲ. ಬಂದದ್ದು ಇನ್ನೊಂದು: ಸ್ಲ್ಯಾಬ್ ಹಾಕುವಾಗ ಕಿಂಡಿಯನ್ನೇ ಮುಚ್ಚಿ, ಹಾಡಹಗಲೇ ಬಲ್ಬು ಉರಿಸುತ್ತೇವೆ.

ಸೆಂಟ್ರಿಂಗ್ ಬಡಿಯುವ ಮುಂಚೆ ಗೌಂಡಿಗೆ ಒಂದು ಮಾತು ಹೇಳಿ. ಗೇಣಗಲದ ಕಿಂಡಿ ಬಿಟ್ಟು, ಮಳೆನೀರು ಹೊಗದಂತೆ ಸುತ್ತ ಗೇಣೆತ್ತರದ ಕಟ್ಟೆ ಎತ್ತಿ, ದಪ್ಪ ಗಾಜು ಕೂಡಿಸಲಿ. ಹತ್ತಿರದ ಗೋಡೆಗೆ ಸುಣ್ಣ ಬಳಿಯಿರಿ. ಗಾಜನ್ನು ತಿಂಗಳಿಗೊಮ್ಮೆ ಒರೆಸಿದರೆ ಸಾಕು.